ಎಳನೀರು ಕೊಟ್ಟ ಮಗಳು

"ಬುದ್ಧೀ, ರೋಗಿಯ ಸೇವೆ ಮಾಡುವುದಕ್ಕೆ ರಸಾಯನಶಾಸ್ತ್ರ ಏಕೆ ಬೇಕು?"

ಮಠದ ಗುರುಗಳನ್ನು ಹೀಗೆ ಕೇಳಿದವಳು ನೀಲಾಂಬಿಕೆ. ಮಠದ ಹಾಸ್ಟೆಲಿನಲ್ಲಿದ್ದುಕೊಂಡು ನರ್ಸಿಂಗ್ ಪದವಿಗೆ ಓದುತ್ತಿದ್ದಳು. ವಾರ್ಡಿಗೆ ಕಾಲಿಡುವ ಮೊದಲು ರಸಾಯನಶಾಸ್ತ್ರ, ಶರೀರಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರದ ಪಾಠಗಳನ್ನು ಮುಗಿಸಬೇಕಿತ್ತು. ರಸಾಯನಶಾಸ್ತ್ರದಲ್ಲಿ ಅವಳು ಫೇಲಾಗಿದ್ದಳು.

ಹಾಸಿಗೆ ಹಿಡಿದ ಅಜ್ಜಿಯನ್ನು ಕೊನೆಯವರೆಗೂ ನೋಡಿಕೊಂಡವಳು ಅವಳೇ. ಅಜ್ಜಿಯ ಬೆನ್ನಿಗೆ ಒಂದು ಹುಣ್ಣೂ ಆಗಲು ಬಿಟ್ಟಿರಲಿಲ್ಲ. ಇವಳು ನರ್ಸಾಗಲೆಂದೇ ಹುಟ್ಟಿದವಳು ಎಂದು ಕೇರಿಯವರೆಲ್ಲ ಹೇಳಿದ್ದರು. ಆ ಮಾತನ್ನು ನಂಬಿ ಅವಳು ಓದಲು ಬಂದಿದ್ದಳು.

"ಓದು ಬಿಡುತ್ತೇನೆ, ಬುದ್ಧಿ. ಮಠದ ಆಸ್ಪತ್ರೆಯಲ್ಲೇ ಏನಾದರೂ ಕೆಲಸ ಕೊಡಿಸಿ. ನರಳುವವರನ್ನು ಕಂಡರೆ ನನಗೆ ಕರುಳು ಚುರ್ ಎನ್ನುತ್ತದೆ. ಅಷ್ಟು ಸಾಲದೇ?"

ಗುರುಗಳು ಸಾಕು ಎನ್ನಲಿಲ್ಲ, ಸಾಲದು ಎಂದೂ ಅನ್ನಲಿಲ್ಲ. "ಕೂತುಕೋ ತಾಯಿ" ಎಂದು ಕತೆ ಹೇಳತೊಡಗಿದರು.

ಒಬ್ಬ ವ್ಯಾಪಾರಿ ಇದ್ದ. ಅವನಿಗೆ ಒಬ್ಬಳೇ ಮಗಳು. ವ್ಯಾಪಾರಿಯ ಮೂತ್ರಪಿಂಡಗಳು ಕೆಟ್ಟವು. ಮುಖ ಊದಿತು, ಕಾಲು ಊದಿತು, ಮೂತ್ರ ಕಡಿಮೆಯಾಯಿತು. ಮಗಳು ಗಂಡನ ಮನೆಯಿಂದ ಬಂದು ತಂದೆಯ ಪಕ್ಕದಲ್ಲಿ ಕೂತಳು. ಮೈ ಒರೆಸಿದಳು, ಬಟ್ಟೆ ಒಗೆದಳು, ತುತ್ತು ಮಾಡಿ ಉಣಿಸಿದಳು. ಬೇಸರವೆಂಬುದು ಅವಳ ಮುಖದಲ್ಲಿ ಒಮ್ಮೆಯೂ ಕಾಣಲಿಲ್ಲ.

ವೈದ್ಯರು ಬಂದು ಔಷಧಿ ಕೊಟ್ಟರು. ನೀರು ಅಳೆದು ಕೊಡಿ, ಹಣ್ಣಿನ ರಸ ಬೇಡ, ಎಳನೀರು ಬೇಡ ಎಂದರು. ಏಕೆ ಎಂದು ಅವರು ಹೇಳಲಿಲ್ಲ, ಇವಳು ಕೇಳಲಿಲ್ಲ. ಮೈಯೆಲ್ಲ ಊದಿರುವಾಗ ಹೆಚ್ಚು ನೀರು ಕೊಡಬಾರದು ಎಂಬುದು ಅವಳಿಗೆ ಅರ್ಥವಾಯಿತು. ಎಳನೀರು ಬೇಡ ಎಂಬುದು ಅರ್ಥವಾಗಲಿಲ್ಲ.

ಬೇಸಿಗೆ ಬಂತು. ತಂದೆಯ ನಾಲಿಗೆ ಒಣಗಿತು. "ಮಗಳೇ, ಒಂದು ಎಳನೀರು ಕೊಡವ್ವ" ಎಂದು ಅಂಗಲಾಚಿದ. ಜೀವಮಾನದಲ್ಲಿ ಯಾರ ಮುಂದೆಯೂ ಕೈ ಚಾಚದ ಮನುಷ್ಯ ಹಾಗೆ ಕೇಳಿದ್ದನ್ನು ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ದೇವರ ಅಭಿಷೇಕಕ್ಕೆ ಬಳಸುವ ನೀರು, ಬಾಣಂತಿಗೂ ಮಗುವಿಗೂ ಕೊಡುವ ನೀರು, ಇದರಿಂದ ಏನಾದೀತು ಎಂದುಕೊಂಡಳು. ವೈದ್ಯರು ಹೇಳಿದ ಅಳತೆಯನ್ನು ಮೀರಲಿಲ್ಲ. ನೀರು ಕೊಡುವ ಲೋಟದಲ್ಲೇ ಎಳನೀರು ಕೊಟ್ಟಳು. ತಂದೆ ಕಣ್ಣು ಮುಚ್ಚಿ ಕುಡಿದ. "ಹಾಯೆನಿಸಿತು" ಎಂದು ಅವಳ ತಲೆ ಸವರಿದ. ಮರುದಿನವೂ ಕೇಳಿದ. ಅವಳು ಮತ್ತೆ ಕೊಟ್ಟಳು.

ಕೆಲವು ದಿನಗಳಲ್ಲಿ ಅವನ ಕೈಕಾಲು ಸೋತವು. ಎದೆಬಡಿತ ಒಮ್ಮೆ ಓಡಿತು, ಒಮ್ಮೆ ತಡವರಿಸಿತು. ವೈದ್ಯರನ್ನು ಕರೆತರುವುದರೊಳಗೆ ಮಗಳ ತೊಡೆಯ ಮೇಲೆ ಪ್ರಾಣ ಬಿಟ್ಟ.

ಕೊನೆಗಾಲದಲ್ಲಿ ತಂದೆಯ ಬಾಯಿ ತಣ್ಣಗೆ ಮಾಡಿ ಕಳಿಸಿದಳು ಎಂದು ಊರು ಅವಳನ್ನು ಹೊಗಳಿತು. ಅವಳಿಗೂ ಅದೇ ಸಮಾಧಾನವಾಯಿತು. ಅಂದಿನಿಂದ ಯಾರಿಗೆ ಕಾಯಿಲೆಯಾದರೂ ಕರೆಯದೆ ಹೋಗಿ ಆರೈಕೆ ಮಾಡತೊಡಗಿದಳು.

ಆ ಊರಿನ ನೇಕಾರನೊಬ್ಬನಿಗೆ ಅದೇ ಕಾಯಿಲೆ ಬಂತು. ಅವಳು ಎಳನೀರು ಹಿಡಿದು ಅವನ ಮನೆಗೆ ಹೋದಳು. ಅಲ್ಲಿಗೆ ಆಸ್ಪತ್ರೆಯ ನರ್ಸೊಬ್ಬಳು ಬಂದಿದ್ದಳು. ಇವಳು ಕಾಯಿ ಕೆತ್ತುವುದನ್ನು ಕಂಡು ಹತ್ತಿರ ಬಂದಳು.

"ಅಕ್ಕಾ, ಇದು ಇವರಿಗೆ ಬೇಡ."

"ಎಳನೀರಮ್ಮ ಇದು. ವಿಷವೇನಲ್ಲ."

"ನಮಗೆ ಅಲ್ಲ. ಇವರಿಗೆ ವಿಷವೇ. ಇದರಲ್ಲಿ ಪೊಟ್ಯಾಸಿಯಂ ಜಾಸ್ತಿ ಇರುತ್ತದೆ, ಅದೊಂದು ಬಗೆಯ ಲವಣ. ನಾವು ಕುಡಿದರೆ ಮೂತ್ರದಲ್ಲಿ ಹೋಗಿಬಿಡುತ್ತದೆ. ಇವರಿಗೆ ಹೋಗುವ ದಾರಿ ಇಲ್ಲ, ರಕ್ತದಲ್ಲೇ ಸೇರಿಕೊಳ್ಳುತ್ತದೆ. ಮೊದಲು ಕೈಕಾಲು ಸೋಲುತ್ತವೆ. ಆಮೇಲೆ ಎದೆಬಡಿತ ನಿಂತುಹೋಗಬಹುದು."

ಮಗಳ ಕೈಯಲ್ಲಿದ್ದ ಮಚ್ಚು ಹಾಗೆಯೇ ನಿಂತಿತು.

"ಕೈಕಾಲು ಸೋಲುತ್ತವೆಯೇ?" ಎಂದಳು.

"ಹೌದಕ್ಕಾ."

ಅವಳು ಮಚ್ಚನ್ನು ನೆಲಕ್ಕಿಟ್ಟು ಹೊರಗೆ ಬಂದು ಜಗಲಿಯ ಮೇಲೆ ಕೂತಳು. ನರ್ಸ್ ಅವಳ ಮುಖ ನೋಡಿದಳು. ಏನೋ ಹೊಳೆದಂತಾಗಿ, ಪಕ್ಕದಲ್ಲಿ ಬಂದು ಕೂತಳು.

ನೇಕಾರ ಚಿಕಿತ್ಸೆ ಪಡೆದು ಮತ್ತೆ ಮಗ್ಗಕ್ಕೆ ಕೂತ. ಮಗಳು ರೋಗಿಗಳ ಮನೆಗೆ ಹೋಗುವುದನ್ನು ಬಿಡಲಿಲ್ಲ. ಆದರೆ ತಿಳಿದವರನ್ನು ಕೇಳದೆ ಯಾರ ಬಾಯಿಗೂ ಏನನ್ನೂ ಹಾಕಲಿಲ್ಲ. ತಂದೆಯ ಕೊನೆಗಾಲವನ್ನು ನೆನೆದು ಊರಿನವರು ಹೊಗಳಿದಾಗಲೆಲ್ಲ ಅವಳು ಎದ್ದು ಒಳಗೆ ಹೋಗುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು. ನೀಲಾಂಬಿಕೆಯ ಕಣ್ಣು ತುಂಬಿತ್ತು. ಆ ಮಗಳನ್ನು ಬಿಟ್ಟುಕೊಡಲು ಅವಳಿಗೆ ಮನಸ್ಸಾಗಲಿಲ್ಲ.

"ಆದರೂ ಬುದ್ಧಿ, ಅವಳು ಕೊಟ್ಟದ್ದು ಪ್ರೀತಿಯಿಂದಲ್ಲವೇ?"

"ಹೌದು ತಾಯಿ, ಅವಳು ಕೊಟ್ಟದ್ದು ಪ್ರೀತಿಯನ್ನೇ, ಅವನು ಕುಡಿದದ್ದು ಎಳನೀರನ್ನು."