ದೊರೆಯ ಮೊಗದ ದೀಪ

“ಕೇಳಿರಪ್ಪೋ ಕೇಳಿ! ಅರಮನೆಯ ದೀಪದಂಗಡಿಗಳು ಸೊರಗುತ್ತಿವೆ. ದೊರೆಗಳ ಮೂರು ಒಗಟು ಬಿಡಿಸಿದವರಿಗೆ ಅಂಗಡಿಗಳ ಪಾರುಪತ್ಯ. ತಪ್ಪಿದವರಿಗೆ ಶೂಲ!” ಎಂದು ಡಂಗುರದವನು ಊರೆಲ್ಲ ಸಾರಿದ.

ಮೊದಲು ಹೋದವನು ಬತ್ತಿಯೋಣಿಯ ಬೊಮ್ಮಯ್ಯ. ಎರಡು ಬಿಡಿಸಿ, ಮೂರನೆಯದಕ್ಕೆ ಮೂಕನಾದ. ಆಮೇಲೆ ಸಾಹುಕಾರನ ಮಗ ಮೊದಲನೆಯದಕ್ಕೇ ಎಡವಿದ, ಆಸ್ಥಾನದ ಪಂಡಿತ ಎರಡನೆಯದಕ್ಕೆ. ಮೂವರೂ ಸೆರೆಮನೆಯಲ್ಲಿ ಬೆಳಗನ್ನು ಕಾಯುತ್ತಿದ್ದರು. ಕಾಯುವುದೇನು ಬಂತು, ಬೆಳಗಾಗದಿರಲಿ ಎಂದು ದೇವರನ್ನು ಬೇಡುತ್ತಿದ್ದರು.

ಆ ಸಂಜೆ ಬೊಮ್ಮಯ್ಯನ ತಂಗಿ ಕೆಂಚವ್ವ ಅರಮನೆಗೆ ಬಂದಳು. ಬತ್ತಿ ಹೊಸೆದು ಬದುಕುವ ಹೆಣ್ಣು.

ದೊರೆ ಕೇಳಿದ: “ಒಬ್ಬಳೇ ತಾಯಿಯ ಮಕ್ಕಳು. ಒಬ್ಬ ಗುಡಿಸಲಿಗೆ ಹೋಗುತ್ತಾನೆ, ಒಬ್ಬ ಮಹಡಿಮನೆಗೆ, ಒಬ್ಬ ಗುಡಿಗೆ. ಜಗಳವೇ ಇಲ್ಲ. ಯಾರವರು?”

“ಹಣತೆ, ಹಿತ್ತಾಳೆ ದೀಪ, ತೂಗುದೀಪ, ಮಹಾಸ್ವಾಮಿ. ಎಲ್ಲ ನಿಮ್ಮ ಅಂಗಡಿಯವೇ. ಕೊಳ್ಳೋರು ಬೇರೆ ಬೇರೆ, ಅದಕ್ಕೇ ಜಗಳವಿಲ್ಲ.”

“ದುಡಿಯದ ಮಗುವನ್ನು ಮನೆಯಿಂದ ಅಟ್ಟಿದೆ. ದುಡಿಯುವ ಮಕ್ಕಳು ಬಡವಾದರು. ಯಾರದು?”

“ನಿಮ್ಮ ಅಂಗಡಿಯಿಂದ ಒಂದು ದೀಪ ತರಿಸಿ ಹಚ್ಚಿಸಿ, ಮಹಾಸ್ವಾಮಿ.”

ದೀಪ ಬಂತು, ಎಣ್ಣೆ ಬಂತು. ಬತ್ತಿ ಇರಲಿಲ್ಲ. ಬರಿದೀಪ ಕೊಡಬಾರದೆಂದು ಒಂದು ಬತ್ತಿ ಇಟ್ಟೇ ಮಾರುವುದು ಆ ಊರಿನ ವಾಡಿಕೆ. ಬತ್ತಿಯಿಂದ ಲಾಭವಿಲ್ಲವೆಂದು ದೊರೆಯೇ ಅದನ್ನು ನಿಲ್ಲಿಸಿದ್ದ. ಅಂದಿನಿಂದ ಜನ ಬೇರೆ ಅಂಗಡಿಗಳಿಗೆ ಹೋಗತೊಡಗಿದ್ದರು. ಕೆಂಚವ್ವ ಸೆರಗಿನ ಅಂಚು ಹರಿದು ಹೊಸೆದಳು. ದೀಪ ಹತ್ತಿತು. “ನೀವು ಅಟ್ಟಿದ ಮಗು ಇದೇ, ಮಹಾಸ್ವಾಮಿ, ಬತ್ತಿ.”

“ಹೊಸ ಮಗು ಹುಟ್ಟಿತು, ಚೆನ್ನಾಗಿ ಉಂಡು ಬೆಳೆಯಿತು. ಮನೆ ಮಾತ್ರ ಬಡವಾಯಿತು. ಯಾಕೆ?” ದೊರೆ ಮೂರನೆಯದನ್ನು ಕೇಳಿದ.

ಅಣ್ಣ ಯಾಕೆ ಮೂಕನಾದನೆಂದು ಕೆಂಚವ್ವನಿಗೆ ಈಗ ತಿಳಿಯಿತು. ಸಿಂಹಾಸನದ ಪಕ್ಕದಲ್ಲೇ ಇತ್ತು, ದೊರೆ ತಾನೇ ಆಸೆಪಟ್ಟು ಮಾಡಿಸಿದ, ತನ್ನ ಮುಖವನ್ನೇ ಎರಕ ಹೊಯ್ಯಿಸಿದ ಹೊಸ ದೀಪ. ಅದನ್ನು ದೂರಿದರೂ ಶೂಲವೇ. ಬಾಗಿಲಲ್ಲಿ ಶೂಲಕ್ಕೇರಿಸುವ ಕಟುಕ ಕೆಮ್ಮಿದ. ಅವಳು ಕಣ್ಣು ಮುಚ್ಚಿಕೊಂಡಳು.

“ನಿಮ್ಮ ಮೊಗದ ದೀಪ, ಮಹಾಸ್ವಾಮಿ. ಅದನ್ನ ಕೊಂಡೋರು ಹೊಸಬರಲ್ಲ, ನಿಮ್ಮ ಹಿತ್ತಾಳೆ ದೀಪ ಕೊಳ್ತಿದ್ದೋರೇ. ಹಳೇದರಲ್ಲಿ ಲಾಭ ಹೆಚ್ಚಿತ್ತು, ಹೊಸದರಲ್ಲಿ ಕಡಿಮೆ. ತಮ್ಮ ಉಂಡಿದ್ದು ಅಣ್ಣನ ತಟ್ಟೆಯಿಂದ.”

ದೊರೆ ತನ್ನ ಮುಖದ ದೀಪವನ್ನು ಕೈಗೆತ್ತಿಕೊಂಡ.

“ನನಗೂ ಗೊತ್ತಿತ್ತು ತಾಯಿ,” ಎಂದ ಮೆಲ್ಲಗೆ. “ಒಪ್ಪಿಕೊಳ್ಳಲು ಹೆದರಿದ್ದೆ.”

ಸೆರೆಯಲ್ಲಿದ್ದವರಿಗೆಲ್ಲ ಬಿಡುಗಡೆಯಾಯಿತು. ಅಂಗಡಿಗಳ ಪಾರುಪತ್ಯ ಕೆಂಚವ್ವನಿಗೆ ಬಂತು. ಬತ್ತಿಯೋಣಿಗೆ ಮತ್ತೆ ಕೆಲಸ ಬಂತು, ಮೊಗದ ದೀಪಗಳು ಕುಲುಮೆಗೆ ಹೋದವು.

“ಹೆದರಿಕೆ ಆಗ್ಲಿಲ್ವೇನೇ?” ಎಂದ ಬೊಮ್ಮಯ್ಯ, ಸೆರೆಮನೆಯ ಬಾಗಿಲಲ್ಲಿ.

“ಇನ್ನೂ ಹೋಗಿಲ್ಲ ಕಣಣ್ಣ,” ಎಂದು ಅವನ ಕೈ ಬಿಗಿಯಾಗಿ ಹಿಡಿದುಕೊಂಡವಳು ಮನೆ ಬರುವವರೆಗೂ ಬಿಡಲಿಲ್ಲ.