ಎರಡನೆಯ ಗದ್ದುಗೆ

"ಕೇಳಿರಯ್ಯಾ, ನಲವತ್ತೆಂಟು ಹಳ್ಳಿಯವರೇ! ದೊರೆ ಇಮ್ಮಡಿರಾಯರು ಹೊಳೆಯ ಪಾಲಾದರು. ಬರುವ ಹುಣ್ಣಿಮೆಗೆ ಹಳ್ಳಿಗೌಡರೆಲ್ಲ ಕೂಡಿ ಹೊಸ ದೊರೆಯನ್ನು ಆರಿಸುತ್ತಾರೆ. ದೊರೆಮಗಳು ಹೊನ್ನಲದೇವಿ ಗದ್ದುಗೆಗೆ ನಿಂತಿದ್ದಾಳೆ. ಒಂಟಿಯಾಗಿ ನಿಲ್ಲುವುದು ನಮ್ಮ ಸೀಮೆಯ ಕಟ್ಟಳೆಯಲ್ಲ. ದೊರೆಯ ಪಕ್ಕದ ಎರಡನೆಯ ಗದ್ದುಗೆಯಲ್ಲಿ ಕೂತು ಆಳಲು ನೆರವಾಗುವ ಜೊತೆಗಾರ ಬೇಕು. ದೇವಿಯ ಮೂರು ಒಗಟು ಬಿಡಿಸಿದವನೇ ಆ ಜೊತೆಗಾರ. ತಪ್ಪಿದವನ ತಲೆ ಹುಣ್ಣಿಮೆಯ ಹಿಂದಿನ ದಿನ ಉರುಳುತ್ತದೆ!"

ಡಂಗುರದವನು ಹೀಗೆ ಸಾರಿಕೊಂಡು ಹೋದಾಗ ಮಾಚ ಗರಗಸದ ಕುಣಿಯೊಳಗಿದ್ದ. ಕುಣಿಯ ಮೇಲೆ ದಿಮ್ಮಿಯನ್ನು ಅಡ್ಡ ಮಲಗಿಸಿ, ಅವನ ಸೋದರಮಾವ ಮೇಲೆ ನಿಂತು ಗೆರೆ ನೋಡಿಕೊಂಡು ಗರಗಸ ಎಳೆಯುತ್ತಿದ್ದ. ಇನ್ನೊಂದು ತುದಿ ಹಿಡಿದು ಕೆಳಗೆ ನಿಂತವನು ಮಾಚ. ಮರದ ಪುಡಿಯೆಲ್ಲ ಅವನ ಕಣ್ಣಿಗೆ, ಹೊಗಳಿಕೆಯೆಲ್ಲ ಮಾವನಿಗೆ. ಗದ್ದುಗೆಗೂ ತನಗೂ ಏನು ನಂಟು ಎಂದುಕೊಂಡು ಅವನು ತಲೆ ಕೊಡವಿ ಮತ್ತೆ ಎಳೆಯತೊಡಗಿದ.

ವಾರ ಕಳೆಯುವಷ್ಟರಲ್ಲಿ ಸುದ್ದಿಗಳು ಬಂದವು. ದಂಡನಾಯಕನ ಮಗ ವೀರರಸ ಮೊದಲ ಒಗಟಿಗೇ ಮುಗ್ಗರಿಸಿ ಸೆರೆಮನೆ ಸೇರಿದ. ಏಳು ಊರಿನ ಸಂತೆಯನ್ನು ಬೆರಳಲ್ಲಿ ಕುಣಿಸುತ್ತಿದ್ದ ಪಾರಿಸಸೆಟ್ಟಿ ಎರಡನೆಯದಕ್ಕೆ ಸೋತ. ಮೂರನೆಯ ಸುದ್ದಿ ಕೇಳಿದಾಗ ಮಾತ್ರ ಮಾಚನ ಕೈಯಿಂದ ಗರಗಸದ ಹಿಡಿ ಜಾರಿತು. ಮಾಚನಿಗೆ ಅಕ್ಷರ ಕಲಿಸಿದ ಐಗಳು ಸಿದ್ಧದೇವಯ್ಯನವರು ಮೂರನೆಯ ಒಗಟಿನಲ್ಲಿ ತಪ್ಪಿದ್ದರು. ಹುಣ್ಣಿಮೆಗೆ ಉಳಿದದ್ದು ಎರಡೇ ದಿನ.

ಮಾಚ ಕುಣಿಯಿಂದ ಹತ್ತಿ ಬಂದು ಕೈಕಾಲು ತೊಳೆದುಕೊಂಡ. ಹೋಗಬೇಡ ಎಂದು ಮಾವ ಬೈದ, ಆಮೇಲೆ ಅತ್ತ. ಮಾಚ ಕೋಟೆಯ ದಾರಿ ಹಿಡಿದ.

ಮರದ ಪುಡಿ ಇನ್ನೂ ಕೂದಲಲ್ಲೇ ಇದ್ದವನನ್ನು ನೋಡಿ ಸಭೆಯವರು ಮುಸಿಮುಸಿ ನಕ್ಕರು. ಹೊನ್ನಲದೇವಿ ನಗಲಿಲ್ಲ. ತಂದೆಗಾಗಿ ಅತ್ತ ಕಣ್ಣು ಅವಳದು, ಇನ್ನೂ ಕೆಂಪಗಿತ್ತು. ಗದ್ದುಗೆಯ ಆಸೆಯೇ ಎಂದು ಅವಳು ಕೇಳಿದಳು. ಅದಲ್ಲ, ತನ್ನ ಐಗಳು ಒಳಗಿದ್ದಾರೆ, ಗೆದ್ದರೆ ಅವರನ್ನು ಬಿಡಿಸಿಕೊಳ್ಳುತ್ತೇನೆ ಎಂದ ಮಾಚ. ಅಂಥ ಮಾತನ್ನು ತಾನು ಕೊಟ್ಟಿಲ್ಲ ಎಂದು ಹೇಳಿ ಅವಳು ಮೊದಲ ಒಗಟು ಇಟ್ಟಳು.

"ಒಂದೇ ಬಂಡೆಗೆ ಹುಟ್ಟಿದವರಿಬ್ಬರು. ಒಬ್ಬ ಸುತ್ತುತ್ತಾನೆ, ಇನ್ನೊಬ್ಬ ಅಲುಗುವುದಿಲ್ಲ. ಎಲ್ಲರ ಕೈಯೂ ಸುತ್ತುವವನ ಮೇಲೆ. ಆದರೆ ಅಲುಗದವನು ಎದ್ದು ಹೋದರೆ ಮನೆಗೆ ಹಿಟ್ಟಿಲ್ಲ. ಆ ಅಲುಗದವನು ಯಾರು? ವೀರರಸ ಬೆಟ್ಟ ಎಂದ."

ಹಿಟ್ಟು ಎಂದ ಕೂಡಲೇ ಮಾಚನಿಗೆ ತಾಯಿಯ ನೆನಪಾಯಿತು. ಬೀಸುವ ಕಲ್ಲಿನ ಕೆಳಗಿನ ಕಲ್ಲು ಎಂದ. ದೇವಿ ತಲೆದೂಗಿದಳು.

"ಒಬ್ಬ ನನ್ನ ಕಾಲು ಬಿಡುವುದಿಲ್ಲ. ನನ್ನ ಹೊತ್ತು ಏರಿದಾಗ ಕುಗ್ಗುತ್ತಾನೆ. ನನ್ನ ಹೊತ್ತು ಇಳಿಯುವಾಗ ನನಗಿಂತ ಉದ್ದ ಬೆಳೆಯುತ್ತಾನೆ. ಕತ್ತಲಾದ ಮೇಲೆ ಕೂಗಿದರೂ ಬರುವುದಿಲ್ಲ. ಸೆಟ್ಟಿ ಇವನನ್ನು ನಂಟ ಎಂದ."

ಮಾಚನಿಗೆ ಸಣ್ಣಗೆ ನಗು ಬಂತು. ಕುಣಿಯಲ್ಲಿ ನಿಂತವನು ಹೊತ್ತು ತಿಳಿಯುವುದೇ ಮೇಲಿನವನ ನೆರಳಿನಿಂದ. ನೆರಳು ಎಂದು ಹೇಳಿದ. ಈಗ ಸಭೆಯಲ್ಲಿ ಯಾರೂ ನಗುತ್ತಿರಲಿಲ್ಲ.

"ಎರಡಕ್ಷರದ್ದು. ಬಡವನ ಮನೆಯಲ್ಲಿ ಹೊತ್ತಿಗೆ ಹತ್ತು ಸಲ ಕೇಳಿಸುತ್ತದೆ, ಅರಮನೆಯಲ್ಲಿ ವರ್ಷಕ್ಕೊಮ್ಮೆಯೂ ಇಲ್ಲ. ದೊರೆಗೆ ಅದನ್ನು ಕೊಟ್ಟವನ ತಲೆ ಹೋದೀತು. ಕೊಡದಿದ್ದರೆ ದೊರೆಯ ತಲೆಯೇ ಹೋಗುತ್ತದೆ. ನಿನ್ನ ಐಗಳು ಸತ್ಯ ಎಂದರು. ಹತ್ತಿರ ಬಂದಿದ್ದರು, ಆದರೆ ಅದಲ್ಲ."

ಐಗಳಿಗೇ ಸಿಗದದ್ದು ತನಗೆ ಸಿಕ್ಕೀತೇ? ಬಡವನ ಮನೆಯಲ್ಲಿ ಏನು ಕೇಳಿಸುತ್ತದೆ ಎಂದು ಮಾಚ ಒಂದೊಂದೇ ನೆನೆದ. ಒಲೆಯ ಹತ್ತಿರ ಹೋದರೆ ಅವ್ವ ಹೇಳುವುದು, ಕೆರೆಯ ದಾರಿ ಹಿಡಿದರೆ ಅಜ್ಜಿ ಕೂಗುವುದು. ಗರಗಸ ದಿಮ್ಮಿಯ ಅಡಿಯಲ್ಲಿ ಗೆರೆ ತಪ್ಪಿದರೆ ಮೇಲಿದ್ದ ಮಾವನಿಗೆ ಕಾಣುವುದಿಲ್ಲ, ಕೆಳಗಿನಿಂದ ತಾನೇ ಕೂಗಬೇಕು. ಏನೆಂದು ಕೂಗುತ್ತಿದ್ದೆ? ಮಾವ ಪ್ರತಿ ಸಲವೂ ಬೈಯುತ್ತಿದ್ದ, ಪ್ರತಿ ಸಲವೂ ಗರಗಸ ನಿಲ್ಲಿಸುತ್ತಿದ್ದ.

ಅವನು ಎರಡು ಹೆಜ್ಜೆ ಮುಂದೆ ಬಂದ.

"ತಾಯಿ, ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ತಮಗೆ ಕೊಡಬೇಕು. ಕೊಡುತ್ತೇನೆ. ನಾಳೆ ಆ ಮೂವರ ತಲೆ ತೆಗೆಸುವುದು ಬೇಡ."

ಮಂತ್ರಿಗಳು ಮುಖ ತಗ್ಗಿಸಿದರು. ಕಾವಲಿನವನ ಕೈ ಕತ್ತಿಯ ಮೇಲೆ ಹೋಯಿತು. ಹೊನ್ನಲದೇವಿ ಅವನನ್ನು ಕೈಯೆತ್ತಿ ತಡೆದು ಮೆಲ್ಲನೆ ಮಾತಾಡಿದಳು.

"ತುಂಬಿದ ಹೊಳೆಯನ್ನು ಅಂದೇ ದಾಟಬೇಕೆಂದು ಅಪ್ಪ ಹಟ ಹಿಡಿದಿದ್ದರು. ಎರಡನೆಯ ಗದ್ದುಗೆಯವನಿಗೆ ಹೊಳೆಯ ಸೆಳವು ಗೊತ್ತಿತ್ತು. ಅಪ್ಪಣೆ ಪ್ರಭು ಎಂದು ದೋಣಿ ತರಿಸಿದ, ತಾನು ದಡದಲ್ಲಿ ಉಳಿದ. ಅವನು ಬೇಡ ಎಂದಿದ್ದರೆ ಅಪ್ಪ ಇರುತ್ತಿದ್ದರು. ಕೆಳಗಿನ ಕಲ್ಲಿನಂತೆ ಭಾರ ತಾಳುವವನು, ನೆರಳಿನಂತೆ ನನ್ನ ಇಳಿಹೊತ್ತಿಗೆ ಬೆಳೆಯದವನು, ಬೇಕಾದಾಗ ಬೇಡ ಎನ್ನುವವನು ಸಿಗಲಿ ಎಂದು ಒಗಟು ಕಟ್ಟಿದೆ. ಗದ್ದುಗೆಯ ಆಸೆಬುರುಕರು ಹೆದರಲಿ ಎಂದು ತಲೆಯ ಪಣ ಇಟ್ಟೆ. ಅದು ತಪ್ಪೆಂದು ಇಷ್ಟು ದಿನ ಈ ಸಭೆಯಲ್ಲಿ ಒಬ್ಬರೂ ಹೇಳಲಿಲ್ಲ. ನಿನಗೆ ಹೆದರಿಕೆಯಾಗಲಿಲ್ಲವೇ?"

"ಆಯಿತು ತಾಯಿ. ಈಗಲೂ ಆಗುತ್ತಿದೆ."

ಅವಳು ಸೆರೆಮನೆಯ ಕೀಲಿಕೈ ತರಿಸಿ ಅವನ ಕೈಗೇ ಕೊಟ್ಟಳು. ಬಾಗಿಲು ತೆರೆದಾಗ ಐಗಳು ಮೊದಲು ಕೇಳಿದ್ದು ಉತ್ತರವನ್ನು. ಮಾಚ ಹೇಳಿದ. ಅವರು ಹಣೆ ಚಚ್ಚಿಕೊಂಡು, ನಿನಗೆ ಬರೆಯಲು ಕಲಿಸಿದೆ, ಹೇಳಲು ನಾನೇ ಕಲಿಯಲಿಲ್ಲವಲ್ಲ ಎಂದರು.

ಹುಣ್ಣಿಮೆಯ ದಿನ ಗೌಡರು ಒಬ್ಬೊಬ್ಬರಾಗಿ ಬಂದು ತಮಗೆ ಬೇಕಾದವರ ಮಡಕೆಗೆ ಕಲ್ಲು ಹಾಕಿದರು. ದೊರೆಮಗಳಿಗೇ ಬೇಡ ಎಂದು ಹೇಳಿ ಮೂವರ ತಲೆ ಉಳಿಸಿದವನು ಅವಳ ಜೊತೆಗಿದ್ದಾನೆಂಬ ಮಾತು ಅಷ್ಟರಲ್ಲಿ ಎಲ್ಲ ಹಳ್ಳಿಗೂ ಮುಟ್ಟಿತ್ತು. ನಲವತ್ತೆಂಟರಲ್ಲಿ ಮೂವತ್ತೊಂದು ಕಲ್ಲು ಅವಳ ಮಡಕೆಯಲ್ಲಿ ಬಿದ್ದವು. ಸಂಜೆ ಇಬ್ಬರೂ ಗದ್ದುಗೆ ಏರಿದರು. ಹೊನ್ನಲದೇವಿ ಮೂವತ್ತು ವರ್ಷ ಆಳಿದಳು. ಅಷ್ಟೂ ವರ್ಷ ತನ್ನ ಜೊತೆಗಾರನ ಮೇಲೆ ಆಗಾಗ ಸಿಟ್ಟಾದಳೆಂದೂ, ಅವನನ್ನು ಒಮ್ಮೆಯೂ ಬದಲಿಸಲಿಲ್ಲವೆಂದೂ ಆ ಸೀಮೆಯವರು ಹೇಳುತ್ತಾರೆ.