ಅವ್ವ ಹೇಳೋ ತನಕ ನಿಲ್ಲದ ವ್ಯಾನು

ಎಲೆಅಡಿಕೆ ಹಾಕ್ಕೊಂಡು ಹತ್ತಿರ ಬನ್ನಿ, ಇದು ಗಟ್ಟಿಯಾಗಿ ಹೇಳೋ ಕತೆ ಅಲ್ಲ.

ಸಾಕವ್ವ ಅಂತ ಒಬ್ಬಳು. ಗಂಡ ಇಲ್ಲ. ಮಗ ಒಬ್ಬ, ಬೋರಲಿಂಗ. ಮೂವತ್ತು ವರ್ಷದ ಆಳು, ಬುರುಡೆ ಮಾತ್ರ ಖಾಲಿ. ಹೇಳಿದ್ದನ್ನ ಹೇಳಿದಂಗೇ ಮಾಡೋನು, ಒಂದು ಕೂದಲು ಹೆಚ್ಚಿಲ್ಲ, ಕಮ್ಮಿಯಿಲ್ಲ. ಗಾಡಿ ಓಡಿಸೋದೊಂದು ಬರೋದು. ಸಾಕವ್ವನಿಗೋ ಎದೆನೋವು. "ನಾನು ಕಣ್ಣು ಮುಚ್ಚೋದ್ರೊಳಗೆ ಇವನಿಗೊಂದು ಹೆಣ್ಣು ಗಂಟು ಹಾಕ್ಬೇಕಲ್ಲಪ್ಪಾ!" ಅನ್ನೋದೇ ಅವಳ ಜಪ.

ಅವಳ ತಮ್ಮ ಕೆಂಪರಾಜ ಬಂದರಿನಲ್ಲಿ ಹಡಗಿಗೆ ಗಾಡಿ ಹತ್ತಿಸೋ ಕೆಲಸ ಮಾಡಿ ಬಂದವನು. ಬಾಯಿ ತೆಗೆದರೆ ವ್ಯಾನು.

"ಅಕ್ಕಾ, ಜಪಾನಿನೋರಿಗೆ ಬೆಂಕಿಪೊಟ್ಟಣದಂಥ ವ್ಯಾನು ಅಂದ್ರೆ ಪ್ರಾಣ. ಬಾಗಿಲು ತಾನೇ ತೆಗೀತದೆ, ತಾನೇ ಮುಚ್ತದೆ! ಅಮೆರಿಕದೋರಿಗೆ ದನದ ಕೊಟ್ಟಿಗೆಯಂಥದ್ದು ಬೇಕು. ಜರ್ಮನಿಯೋರು ಒಳಗೇ ಒಲೆ ಹಚ್ಚಿ, ಹಾಸಿಗೆ ಹಾಸಿ, ಸಂಸಾರ ಮಾಡ್ತಾರೆ!"

"ನಮ್ಮೋರಿಗೆ?"

"ಎಂಥದಾದ್ರೂ ಸರಿ, ಏಳು ಸೀಟಿಗೆ ಹದಿನೇಳು ಜನ ಹಿಡಿದ್ರೆ ಸಾಕು."

ಅವನ ಹತ್ತಿರ ಒಂದು ಬಿಳೀ ವ್ಯಾನಿತ್ತು. "ಒಂದು ವಾರ ನಿನ್ನ ಮಗ ಇದನ್ನ ನೆಟ್ಟಗೆ ಓಡಿಸಲಿ. ನನ್ನ ಮಗಳು ಪದ್ಮೀನ ಅವನಿಗೇ ಕೊಡ್ತೀನಿ" ಅಂದ. ಕೊಡದೆ ಏನು ಮಾಡ್ತಾನೆ? ಬಳೆ ಮಾರೋನ ಹಿಂದೆ ಹೋಗಿ ಎಂಟು ದಿನಕ್ಕೆ ವಾಪಸು ಬಂದ ಹುಡುಗಿ. ಊರಲ್ಲಿ ಯಾರೂ ಆ ಮಾತು ಆಡಿರಲಿಲ್ಲ. ಆಡಿದವರೂ ಹತ್ತೇ ಮನೆಗೆ ಹೇಳಿದ್ದರು.

ಸಾಕವ್ವ ಮಗನಿಗೆ ಹೇಳಿಕೊಟ್ಟಳು, "ದಾರೀಲಿ ಕೈ ಚಾಚಿದೋರನ್ನೆಲ್ಲ ಹತ್ತಿಸ್ಕೊ. ಸೀಟು ತುಂಬಿಸ್ಕೊಂಡು ಬಾ."

"ಹೂಂ ಅವ್ವ."

ಮಟಮಟ ಮಧ್ಯಾಹ್ನ ವ್ಯಾನು ಬಂತು. ಸೀಟು ಭರ್ತಿ. ನೀರಿನ ಟ್ಯಾಂಕಿನ ಹತ್ತಿರ ಹೆಂಗಸರು ಬಗ್ಗಿ ನೋಡಿದರೆ, ಒಳಗೆ ಏಳು ಮಡಕೆ ತಲೆ! ಸುಣ್ಣದ ಕಣ್ಣು, ಹುಲ್ಲಿನ ಕೈ. ಹೊಲಹೊಲದ ಬೆದರುಬೊಂಬೆಗಳು ಸಾಲಾಗಿ ಕೂತಿವೆ! ಕಿಟಕಿ ಪಕ್ಕದ್ದು ಹೋದ ವರ್ಷ ಸತ್ತ ರುದ್ರಯ್ಯನ ಅಂಗಿ ಹಾಕಿತ್ತು. ಅವನ ಹೆಂಡತಿ ಬಿಂದಿಗೆ ಬಿಟ್ಟು ಓಡಿದಳು.

"ಅಯ್ಯೋ ಮಂಕೇ! ಕೈ ಚಾಚಿದ್ದೆಲ್ಲ ಮನುಷ್ಯರೇನೋ? ಎಲ್ಲಿಗೆ ಅಂತ ಕೇಳು. ಬಾಯಿಬಿಟ್ಟು ಹೇಳಿದೋರನ್ನ ಮಾತ್ರ ಹತ್ತಿಸ್ಕೊ!"

"ಹೂಂ ಅವ್ವ."

ಮಾರನೇ ದಿನ ಆಸ್ಪತ್ರೆಯಿಂದ ಒಂದು ಬಾಡಿಗೆ. ಸತ್ತ ಮುದುಕನ್ನ ಊರಿಗೆ ತರಬೇಕು. ಅಳುತ್ತಾ ಹತ್ತಿದವರನ್ನೆಲ್ಲ ಬೋರಲಿಂಗ ಕೇಳಿದ, "ಎಲ್ಲಿಗೆ?" ಅವರು ಊರಿನ ಹೆಸರು ಹೇಳಿದರು. ಮುದುಕನ್ನೂ ಕೇಳಿದ. ಮುದುಕ ಹೇಳಲಿಲ್ಲ. ಅತ್ತು ಸುಸ್ತಾಗಿ ನೆಂಟರಿಗೆಲ್ಲ ಜೊಂಪು ಹತ್ತಿತ್ತು. ದಾರೀಲಿ ಗಾಡಿ ನಿಲ್ಲಿಸಿ, ಮುದುಕನ್ನ ಇಳಿಸಿ, ಬಸ್‌ಸ್ಟಾಪಿನ ಕಲ್ಲುಬೆಂಚಿಗೆ ಒರಗಿಸಿ ಕೂರಿಸಿ ಬಂದುಬಿಟ್ಟ! ಸಂಜೆಯವರೆಗೆ ಹೆಣ ಅಲ್ಲೇ ಕೂತಿತ್ತು. ಒಬ್ಬ ಪಕ್ಕದಲ್ಲೇ ಕೂತು ಅದಕ್ಕೆ ತನ್ನ ಸೊಸೆ ಮೇಲೆ ಚಾಡಿ ಹೇಳಿದನಂತೆ. "ಎಷ್ಟು ತಾಳ್ಮೆಯಿಂದ ಕೇಳಿದರು ಹಿರೀಕರು!" ಅಂತ ಆಮೇಲೆ ಹೊಗಳಿದನಂತೆ.

"ಥೂ ನಿನ್ನ! ಕೂತೋರನ್ನ ನೀನಾಗೇ ಇಳಿಸಬೇಡ. ನಿಲ್ಲಿಸು ಅಂದ್ರೆ ಮಾತ್ರ ನಿಲ್ಲಿಸು, ಅಂದ ಜಾಗದಲ್ಲೇ ನಿಲ್ಲಿಸು!"

"ಹೂಂ ಅವ್ವ."

ಮೂರನೇ ದಿನ ರೈಲ್ವೆ ಹಳಿ ದಾಟುವಾಗ ರೈಲು ಕಂಡು ಹಿಂದಿದ್ದವನೊಬ್ಬ ಕಿರುಚಿದ, "ನಿಲ್ಲಿಸೋ!" ಬೋರಲಿಂಗ ನಿಲ್ಲಿಸಿದ. ಹಳಿ ಮೇಲೇ! ಜನ ಹಾರಿಕೊಂಡರು. ರೈಲಿನ ಡ್ರೈವರ್ ಬ್ರೇಕು ಒತ್ತಿದ, ರೈಲು ಒಂದು ಮೊಳ ದೂರದಲ್ಲಿ ನಿಂತಿತು.

ಕೆಂಪರಾಜ ಕೂಗಾಡಿದ. "ಜಪಾನಿನಲ್ಲಿ ಬಾಗಿಲಿಗೂ ಬುದ್ಧಿ ಇದೆ ಅಕ್ಕಾ, ನಿನ್ನ ಮಗನಿಗೆ ಅದೂ ಇಲ್ಲ! ಹೆಣ್ಣು ಕೊಡಲ್ಲ!"

ಸಾಕವ್ವ ತಮ್ಮನ ಕಾಲು ಹಿಡಿದಳು. "ನಾಳೇನೇ ಗುಡೀಲಿ ತಾಂಬೂಲ ಬದಲಾಯಿಸಿಬಿಡಪ್ಪ. ಮುಂದಿನ ಸೀಟಲ್ಲಿ ನಾನೇ ಕೂರ್ತೀನಿ." ಮಗನ ಕಿವಿ ಹಿಂಡಿದಳು. "ಯಾರು ಬಡ್ಕೊಂಡ್ರೂ ನಿಲ್ಲಿಸಬೇಡ. ನಾನು ನಿಲ್ಲಿಸು ಅಂದಾಗ ನಿಲ್ಲಿಸು!"

"ಹೂಂ ಅವ್ವ."

ಬೆಳಿಗ್ಗೆ ಹೊರಟರು. ಹಿಂದೆ ಕೆಂಪರಾಜ, ಪದ್ಮಿ, ತಾಂಬೂಲದ ತಟ್ಟೆ. ಮುಂದೆ ತಾಯಿ ಮಗ. ಊರು ದಾಟೋವರೆಗೆ ಸಾಕವ್ವ ಮಾತಾಡುತ್ತಿದ್ದಳು. ಆಮೇಲೆ ಎದೆ ಒತ್ತಿಕೊಂಡಳು. ಆಮೇಲೆ ಸುಮ್ಮನಾದಳು. ಗುಡಿ ಬಂತು.

"ನಿಲ್ಸೋ!" ಅಂದ ಕೆಂಪರಾಜ.

"ಅವ್ವ ಹೇಳ್ಬೇಕು ಮಾವ."

"ಅಕ್ಕಾ, ಹೇಳೇ!"

ಅಕ್ಕ ರಸ್ತೆ ನೋಡುತ್ತಿದ್ದಳು. ರೆಪ್ಪೆ ಬಡಿಯುತ್ತಿರಲಿಲ್ಲ. ಪದ್ಮಿ ಬಗ್ಗಿ ಕೆನ್ನೆ ಮುಟ್ಟಿದಳು. ತಣ್ಣಗಿತ್ತು.

"ಅಪ್ಪಾ! ಅತ್ತೆ ಹೋಗ್ಬಿಟ್ಟವ್ಳೆ!"

"ಎಲ್ಲೂ ಹೋಗಿಲ್ಲ, ಇಲ್ಲೇ ಅವ್ಳೆ" ಅಂದ ಬೋರಲಿಂಗ. "ಇನ್ನೂ ಹೇಳಿಲ್ಲ ಅಷ್ಟೆ."

ಎರಡು ಊರು ದಾಟಿತು, ನಾಲ್ಕು ಊರು ದಾಟಿತು. ಹಿಂದೆ ಅಪ್ಪ ಮಗಳು ಗಾಜು ಬಡಿಯುತ್ತಿದ್ದರು, ನೆಂಟರು ಕೈ ಬೀಸುತ್ತಿದ್ದಾರೆ ಅಂತ ದಾರಿಹೋಕರು ತಾವೂ ಕೈ ಬೀಸಿದರು. ಡೀಸೆಲ್ ಮುಗಿದಾಗಲೇ ವ್ಯಾನು ನಿಂತದ್ದು. ಅಪ್ಪ ಮಗಳು ಧುಮುಕಿ, ತಿರುಗಿ ನೋಡದೆ ಹೊಲ ಬಿದ್ದು ಓಡಿದರು. ಹೆಣ್ಣೂ ಹೋಯ್ತು, ತಾಂಬೂಲವೂ ಹೋಯ್ತು.

ಬೋರಲಿಂಗ ಕೆಳಗಿಳಿದ. ಅವ್ವ ಹೇಳದೆ ಗಾಡಿ ನಿಂತುಬಿಟ್ಟಿತಲ್ಲ! ಹಿಂದೆ ಹೋಗಿ ತಳ್ಳತೊಡಗಿದ.

ಆ ಬಿಸಿಲಲ್ಲಿ ಎದುರು ಬಂದವರಿಗೆ ಕಂಡದ್ದು ಇಷ್ಟೆ: ಸ್ಟೇರಿಂಗಿನ ಮುಂದೆ ಯಾರೂ ಇಲ್ಲದ ಬಿಳೀ ವ್ಯಾನು, ಪಕ್ಕದಲ್ಲಿ ಕಣ್ಣುಬಿಟ್ಟು ಕೂತ ಹೆಂಗಸು, ಈಗಲೇ ಏನೋ ಹೇಳ್ತಾಳೆ ಅನ್ನೋ ಹಾಗೆ ತೆರೆದ ಬಾಯಿ. ಆಗಾಗ ವ್ಯಾನು ನಿಲ್ಲೋದು. ಬೋರಲಿಂಗ ಬೆವರು ಒರೆಸಿಕೊಂಡು ಮುಂದೆ ಬರೋನು, ಆ ಬಾಯಿಗೆ ಕಿವಿಯಿಟ್ಟು ಬಹಳ ಹೊತ್ತು ಕೇಳೋನು, ತಲೆಯಾಡಿಸೋನು.

"ಇನ್ನೂ ಸ್ವಲ್ಪ ಮುಂದಕ್ಕಂತೆ" ಅಂದು, ಹಿಂದಕ್ಕೆ ಹೋಗಿ ತಳ್ಳೋನು.